ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಅಧ್ಯಕ್ಷಗಿರಿಗೆ ನಿಂತವರಿಗೆ ಪ್ರಶ್ನೆ ಬರೆಯುವ ಕೆಲಸ: ನನ್ನ ಅನುಭವ

2016ರ ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ, ಟ್ರಸ್ಟೀಶಿಪ್ ಮಂಡಳಿಯ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು, ಎರಡು ವಾರ ತಿದ್ದಿ ತೀಡಿ ನಾನು ಬರೆದಿದ್ದ ಪ್ರಶ್ನೆಯೊಂದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಕರಗಿಹೋದದ್ದನ್ನು ಕಣ್ಣಾರೆ ಕಂಡೆ. ಸ್ವಾತಂತ್ರ್ಯಕ್ಕೆ ಮುನ್ನ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿದ್ದ ಟ್ರಸ್ಟ್ ಪ್ರದೇಶಗಳಲ್ಲಿ ಕೊನೆಯದಾದ, ಪೆಸಿಫಿಕ್ ಸಾಗರದ ಪಲಾವು 1994ರಲ್ಲಿ ಸ್ವತಂತ್ರವಾದ ಮೇಲೆ ಆ ಮಂಡಳಿಗೆ ಕೆಲಸವೇ ಉಳಿದಿಲ್ಲ. ಮರದ ಹೊದಿಕೆಯ ಅದರ ಸಭಾಂಗಣ ಮಾತ್ರ ಬೇರೆಯವರ ಸಭೆಗಳಿಂದ ಸದಾ ಗಿಜಿಗುಡುತ್ತದೆ. ಅಂದು ಅಲ್ಲಿ ನಡೆಯುತ್ತಿದ್ದುದು ಪ್ರಧಾನ ಕಾರ್ಯದರ್ಶಿ ಹುದ್ದೆಯ ಅಭ್ಯರ್ಥಿಗಳೊಂದಿಗಿನ ಸಂವಾದ. ಮೂರು ದಿನ, ಒಂಬತ್ತು ಅಭ್ಯರ್ಥಿಗಳು, ಒಬ್ಬೊಬ್ಬರಿಗೂ ಎರಡೆರಡು ಗಂಟೆ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಕೆಲವು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿ, ಬಳಿಕ ನ್ಯೂಯಾರ್ಕಿನಲ್ಲಿ ಸ್ವಯಂಸೇವಾ ಸಂಸ್ಥೆಗಳ ಒಂದು ಒಕ್ಕೂಟಕ್ಕೆ ಸೇರಿದವಳು. ಪ್ರಶ್ನೆ ಕೇಳುವ ಹಕ್ಕು ಮುಖ್ಯವಾಗಿ ಸದಸ್ಯ ರಾಷ್ಟ್ರಗಳದ್ದಾದ್ದರಿಂದ, ನಮ್ಮಂಥವರು ಪ್ರಶ್ನೆ ಬರೆದು, ಅದನ್ನು ಕೇಳಲು ಒಪ್ಪುವ ಯಾವುದಾದರೂ ಸಣ್ಣ ರಾಷ್ಟ್ರದ ನಿಯೋಗದ ಕೈಗೆ ಮುಟ್ಟಿಸುವುದು ವಾಡಿಕೆ. ನನ್ನ ಪ್ರಶ್ನೆಯನ್ನು ಒಬ್ಬ ತರುಣ ಪ್ರತಿನಿಧಿ ಒಂದಕ್ಷರವನ್ನೂ ಬಿಡದೆ ಓದಿದರು. ಅದರಲ್ಲಿ ನಿರಾಶ್ರಿತರ ಸಮಸ್ಯೆ ಇತ್ತು, ಹವಾಮಾನ ಬದಲಾವಣೆಗೆ ಬೇಕಾದ ಹಣಕಾಸು ಇತ್ತು, ಶಾಂತಿಪಾಲನಾ ಪಡೆಗಳ ಸೈನಿಕರು ಲೈಂಗಿಕ ದೌರ್ಜನ್ಯ ಎಸಗಿದರೆಂಬ ಆರೋಪಗಳೂ ಇದ್ದವು. ಅಭ್ಯರ್ಥಿ ಹಲವು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಸಿಕೊಂಡು, ಒಟ್ಟಿಗೇ ಉತ್ತರಿಸುತ್ತ, ನಮ್ಮ ಪ್ರಶ್ನೆಯ ನಿರಾಶ್ರಿತರ ಭಾಗಕ್ಕೆ ನಾಲ್ಕು ಒಳ್ಳೆಯ ಮಾತು ಹೇಳಿ, ಪ್ರಶ್ನೆ ಕೇಳಿದ್ದಕ್ಕೆ ಕೃತಜ್ಞತೆ ಸಲ್ಲಿಸಿ, ಮುಂದಕ್ಕೆ ಹೋದರು. ಉಳಿದೆರಡು ಭಾಗಗಳು ಎಲ್ಲಿ ಹೋದವೆಂದು ಕೇಳುವವರೇ ಇರಲಿಲ್ಲ.

ತಪ್ಪು ಅಭ್ಯರ್ಥಿಯದ್ದಲ್ಲ, ನನ್ನದು. ಮೂರು ಬಾಗಿಲಿನ ಮನೆ ಕಟ್ಟಿಕೊಟ್ಟರೆ ಯಾರೇ ಆದರೂ ತಮಗೆ ಹತ್ತಿರದ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ‘ಯಾವುದಾದರೂ ಒಂದಕ್ಕೆ ಉತ್ತರಿಸಿ’ ಎಂದು ಬರೆದ ಹಾಗೆಯೇ ಆಗಿತ್ತು ಅದು. ಪ್ರಶ್ನೆಪತ್ರಿಕೆ ತಯಾರಿಸಿಯೇ ಹೊಟ್ಟೆ ಹೊರೆದಿದ್ದ ನನಗೆ ಇಷ್ಟು ಹೊಳೆಯದೆ ಹೋದದ್ದು ಇಂದಿಗೂ ಸ್ವಲ್ಪ ನಾಚಿಕೆ ತರುತ್ತದೆ.

ಅಂಥ ಸಂವಾದ ನಡೆದದ್ದೇ ಆಗ ದೊಡ್ಡ ಸಂಗತಿಯಾಗಿತ್ತು ಎಂಬುದನ್ನೂ ಹೇಳಬೇಕು. ಅದಕ್ಕೆ ಹಿಂದಿನ ಏಳು ದಶಕಗಳಲ್ಲಿ ಪ್ರಧಾನ ಕಾರ್ಯದರ್ಶಿ ಯಾರಾಗಬೇಕೆಂಬುದು ಭದ್ರತಾ ಮಂಡಳಿಯ ಮುಚ್ಚಿದ ಬಾಗಿಲಿನ ಹಿಂದೆ ತೀರ್ಮಾನವಾಗುತ್ತಿತ್ತು. 2015ರ ಸೆಪ್ಟೆಂಬರಿನಲ್ಲಿ, ಎಲ್ಲ ಸದಸ್ಯ ರಾಷ್ಟ್ರಗಳೂ ಕೂಡುವ ಸಾಮಾನ್ಯ ಸಭೆ ಅಂಗೀಕರಿಸಿದ 69/321 ಸಂಖ್ಯೆಯ ನಿರ್ಣಯದಿಂದಾಗಿ ಅಭ್ಯರ್ಥಿಗಳ ಹೆಸರು ಬಹಿರಂಗವಾಯಿತು, ಅವರು ಎಲ್ಲ ರಾಷ್ಟ್ರಗಳ ಎದುರು ಬಂದು ಕುಳಿತರು, ಲೋಕವೆಲ್ಲ ವೆಬ್ ಟಿವಿಯಲ್ಲಿ ಅದನ್ನು ನೋಡಿತು. ಅಂತಿಮವಾಗಿ ಆಯ್ಕೆಯಾದ ಆಂಟೋನಿಯೊ ಗುಟೆರಸ್ ಮೊದಲ ದಿನವೇ ಆ ಕುರ್ಚಿಯಲ್ಲಿ ಕುಳಿತವರು.

ಆದರೆ ನನ್ನ ಕೆಲಸ ನಿಜವಾಗಿ ಕುದುರಿದ್ದು ಆ ಹುದ್ದೆಯ ವಿಷಯದಲ್ಲಲ್ಲ, ಸಾಮಾನ್ಯ ಸಭೆಯ ಅಧ್ಯಕ್ಷ ಸ್ಥಾನದ ವಿಷಯದಲ್ಲಿ. ಇದು ಒಂದೇ ವರ್ಷದ ಹುದ್ದೆ. ಐದು ಪ್ರಾದೇಶಿಕ ಗುಂಪುಗಳಿಗೆ ಸರದಿಯಂತೆ ಬರುತ್ತದೆ. ಬಹಳಷ್ಟು ಸಲ ಗುಂಪಿನೊಳಗೇ ಒಮ್ಮತವಾಗಿ ಒಂದೇ ಹೆಸರು ಬರುತ್ತದೆ. ಆಗದಿದ್ದಾಗ 193 ರಾಷ್ಟ್ರಗಳ ಗುಪ್ತ ಮತದಾನ. 2016ರಲ್ಲಿ ಫಿಜಿಯ ಪೀಟರ್ ಥಾಮ್ಸನ್ ಸೈಪ್ರಸ್‌ನ ಅಭ್ಯರ್ಥಿಯ ಎದುರು ಗೆದ್ದದ್ದು 94ಕ್ಕೆ 90, ಅಂದರೆ ಬರೀ ನಾಲ್ಕು ಮತಗಳಿಂದ. 1981ರಲ್ಲಂತೂ ಎರಡನೆಯ ಸುತ್ತಿನಲ್ಲಿ ಇರಾಕ್ ಮತ್ತು ಬಾಂಗ್ಲಾದೇಶಗಳ ಅಭ್ಯರ್ಥಿಗಳಿಗೆ ತಲಾ 73 ಮತ ಬಂದು, ಚೀಟಿ ಎತ್ತಿ ಅಧ್ಯಕ್ಷರನ್ನು ಆರಿಸಬೇಕಾಯಿತು. ನಮ್ಮ ಪಂಚಾಯಿತಿ ಚುನಾವಣೆಗಳಲ್ಲಿ ಇಂಥದ್ದನ್ನು ಕಂಡವರಿಗೆ ಇದೇನೂ ಹೊಸದೆನಿಸಲಾರದು.

ಈ ಅಧ್ಯಕ್ಷರಿಗೆ ಯುದ್ಧ ನಿಲ್ಲಿಸುವ ಅಧಿಕಾರವಿಲ್ಲ, ಹಣ ಮಂಜೂರು ಮಾಡುವ ಅಧಿಕಾರವಿಲ್ಲ, ಮತದಾನದ ಹಕ್ಕೂ ಇಲ್ಲ. ಹೀಗಿರುವಾಗ ಅವರ ಮುಂದೆ ಪ್ಯಾಲೆಸ್ಟೀನ್, ಬಡತನ, ಅಣ್ವಸ್ತ್ರಗಳ ಬಗ್ಗೆ ಪ್ರಶ್ನೆ ಇಟ್ಟರೆ, ಎಲ್ಲರ ಮತವೂ ಬೇಕಾದ ವ್ಯಕ್ತಿ ಎಲ್ಲರಿಗೂ ಒಪ್ಪಿತವಾದ ಮಾತನ್ನಲ್ಲದೆ ಬೇರೇನು ಹೇಳಲು ಸಾಧ್ಯ? ಅವರ ಕೈಯಲ್ಲಿ ನಿಜವಾಗಿ ಇರುವುದನ್ನು ಹುಡುಕಿ, ಅದರ ಬಗ್ಗೆ ಮಾತ್ರ ಕೇಳಬೇಕು ಎಂದು ನಾನು ನಿಶ್ಚಯಿಸಿದ್ದು ಆಗ. ಹುಡುಕಿದರೆ ಸಿಗುವುದು ಮುಖ್ಯವಾಗಿ ಎರಡು: ಕಚೇರಿ ಮತ್ತು ನೇಮಕ.

ಕಚೇರಿಯದ್ದು ಹಣದ ಕಥೆ. ಅಧ್ಯಕ್ಷರ ಕಚೇರಿಗೆ ವಿಶ್ವಸಂಸ್ಥೆಯ ನಿಯತ ಆಯವ್ಯಯದಿಂದ ದೊರೆಯುವುದು ಬೆರಳೆಣಿಕೆಯ ಹುದ್ದೆಗಳು. ಉಳಿದ ಸಿಬ್ಬಂದಿಯನ್ನು ಅಧ್ಯಕ್ಷರ ಸ್ವಂತ ದೇಶವೋ ಇತರ ಸರ್ಕಾರಗಳೋ ಎರವಲು ಸೇವೆಯ ಮೇಲೆ ಕಳಿಸುತ್ತವೆ. ಖರ್ಚಿಗೆ ಸ್ವಯಂಪ್ರೇರಿತ ದೇಣಿಗೆಯ ನಿಧಿ ಇದೆ. ಇಂಥ ಕಡೆ ಏನಾಗಬಹುದು ಎಂಬುದು 2015ರ ಅಕ್ಟೋಬರಿನಲ್ಲಿ ಗೊತ್ತಾಯಿತು: 68ನೇ ಅಧಿವೇಶನದ ಅಧ್ಯಕ್ಷರಾಗಿದ್ದ ಆಂಟಿಗುವಾದ ಜಾನ್ ಆ್ಯಶ್ ಅವರು ಚೀನಾದ ಉದ್ಯಮಿಯೊಬ್ಬರಿಂದ ಲಂಚ ಪಡೆದರೆಂದು ಅಮೆರಿಕದ ಪ್ರಾಸಿಕ್ಯೂಟರ್‌ಗಳು ಆರೋಪಿಸಿದರು. ವಿಚಾರಣೆಗೆ ಮುನ್ನವೇ, 2016ರ ಜೂನ್‌ನಲ್ಲಿ, ಅವರು ತೀರಿಕೊಂಡರು. ಅದೇ ಸೆಪ್ಟೆಂಬರಿನ 70/305 ನಿರ್ಣಯದಲ್ಲಿ ಅಧ್ಯಕ್ಷರಿಗೆ ನೀತಿ ಸಂಹಿತೆಯೂ ಪ್ರಮಾಣವಚನವೂ ಬಂದವು.

ನೇಮಕದ ಕಥೆ ಇದಕ್ಕಿಂತ ಸೂಕ್ಷ್ಮ. ಸಾಮಾನ್ಯ ಸಭೆಯಲ್ಲಿ ಯಾವುದೇ ದೊಡ್ಡ ಮಾತುಕತೆ ಶುರುವಾಗಬೇಕಾದರೆ ಅದನ್ನು ಸಹಾಧ್ಯಕ್ಷರಾಗಿ ನಡೆಸಿಕೊಡುವ ಇಬ್ಬರು ರಾಯಭಾರಿಗಳನ್ನು ಸಾಮಾನ್ಯವಾಗಿ ಅಧ್ಯಕ್ಷರೇ ನೇಮಿಸುತ್ತಾರೆ. 2009ರಿಂದ ಎಳೆಯುತ್ತಿರುವ ಭದ್ರತಾ ಮಂಡಳಿ ಸುಧಾರಣೆಯ ಅಂತರ್‌ ಸರ್ಕಾರಿ ಮಾತುಕತೆಗೂ ಹೀಗೆಯೇ. ಮಾತುಕತೆ ಬರೀ ಬಾಯಿಮಾತಿನಲ್ಲಿ ಸುತ್ತದೆ ಲಿಖಿತ ಕರಡಿನ ಮೇಲೆ ನಡೆಯಲಿ ಎಂಬುದು ಭಾರತದ ಬಹುಕಾಲದ ಒತ್ತಾಯ. ಆ ಇಬ್ಬರು ಯಾರು, ಅವರನ್ನು ಯಾವಾಗ ಹೆಸರಿಸುತ್ತಾರೆ ಎಂಬುದರ ಮೇಲೆ ಒಂದು ಇಡೀ ವರ್ಷ ಉರುಳಬಹುದು, ಇಲ್ಲವೇ ಅಲ್ಲೇ ನಿಲ್ಲಬಹುದು. ಆದ್ದರಿಂದ ‘ಸುಧಾರಣೆಯನ್ನು ಬೆಂಬಲಿಸುವಿರಾ’ ಎಂದು ಕೇಳುವ ಬದಲು ‘ಸಹಾಧ್ಯಕ್ಷರನ್ನು ಯಾವ ತಿಂಗಳೊಳಗೆ ನೇಮಿಸುವಿರಿ’ ಎಂದು ಬರೆಯಲು ಕಲಿತೆ. ಮೊದಲನೆಯದಕ್ಕೆ ಭಾಷಣ ಉತ್ತರವಾಗುತ್ತದೆ. ಎರಡನೆಯದಕ್ಕೆ ಒಂದು ತಿಂಗಳಿನ ಹೆಸರು ಹೇಳಬೇಕು, ಹೇಳದಿದ್ದರೆ ಹೇಳಲಿಲ್ಲವೆಂಬುದು ಎಲ್ಲರಿಗೂ ಕಾಣುತ್ತದೆ.

ಪ್ರಶ್ನೆಗಳನ್ನು ಕಟ್ಟುಕಟ್ಟಾಗಿ ತೆಗೆದುಕೊಳ್ಳುವ ಪದ್ಧತಿಗೆ ಇದೊಂದೇ ಮದ್ದು ಎಂದು ನನಗೆ ಅನುಭವದಿಂದ ಅನಿಸಿದೆ. ಒಂದು ಪ್ರಶ್ನೆ, ಒಂದೇ ವಾಕ್ಯ, ಉತ್ತರವಾಗಿ ಒಂದು ಸಂಖ್ಯೆ ಅಥವಾ ಒಂದು ದಿನಾಂಕ. ಬರೆದದ್ದನ್ನು ನಾನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿ, ಫೋನಿನಲ್ಲಿ ಸಮಯ ನೋಡುತ್ತೇನೆ. 45 ಸೆಕೆಂಡು ಮೀರಿದರೆ ಕತ್ತರಿಸುತ್ತೇನೆ. ಅವಸರದಲ್ಲಿ ಓದಿದರೆ ಗಾಜಿನ ಹಿಂದಿನ ಭಾಷಾಂತರಕಾರರು ಮೊದಲು ಕೈಬಿಡುವುದು ಸಂಖ್ಯೆಗಳನ್ನೇ, ನಮಗೆ ಬೇಕಾದದ್ದೂ ಅವೇ. ಇನ್ನೊಂದು ಉಪಾಯವೂ ಇದೆ: ಇಬ್ಬರು ಪ್ರತಿನಿಧಿಗಳೊಂದಿಗೆ ಮೊದಲೇ ಮಾತಾಡಿಕೊಂಡು, ಒಬ್ಬರ ಪ್ರಶ್ನೆ ತಪ್ಪಿಹೋದರೆ ಮುಂದಿನ ಕಟ್ಟಿನಲ್ಲಿ ಮತ್ತೊಬ್ಬರು ಅದನ್ನೇ ಎತ್ತುವಂತೆ ನೋಡಿಕೊಳ್ಳುವುದು. ಹೇಳುವುದು ಸುಲಭ. ಸರ್ಕಾರಗಳ ನಡುವೆ ಇದನ್ನು ಹೊಂದಿಸುವುದು ಸಂತೆಯಲ್ಲಿ ಕಪ್ಪೆ ತೂಗಿದಂತೆ.

2018ರಲ್ಲಿ ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ಗುಂಪಿನ ಸರದಿ. ಈಕ್ವೆಡಾರ್‌ನ ಮರಿಯಾ ಫರ್ನಾಂಡಾ ಎಸ್ಪಿನೋಸಾ ಮತ್ತು ಹೊಂಡುರಾಸ್‌ನ ಮೇರಿ ಎಲಿಜಬೆತ್ ಫ್ಲೋರೆಸ್, ಇಬ್ಬರೂ ಮಹಿಳೆಯರು. ಅದಕ್ಕೂ ಮುಂಚಿನ 72 ಅಧಿವೇಶನಗಳಲ್ಲಿ ಆ ಪೀಠವೇರಿದ ಮಹಿಳೆಯರು ಮೂವರೇ. 1953ರಲ್ಲಿ ಮೊದಲಿಗರಾದವರು ನಮ್ಮ ವಿಜಯಲಕ್ಷ್ಮಿ ಪಂಡಿತ್. ಮಹಿಳಾ ಸಮಾನತೆಯ ಬಗ್ಗೆ ಎಲ್ಲರೂ ಕೇಳುತ್ತಾರೆಂದು ನಾನು ಅದನ್ನು ಬಿಟ್ಟು, ‘ನಿಮ್ಮ ಕಚೇರಿಯಲ್ಲಿ ಬೇರೆ ಸರ್ಕಾರಗಳು ಸಂಬಳ ಕೊಡುವ ಸಿಬ್ಬಂದಿ ಎಷ್ಟು ಜನ ಇರುತ್ತಾರೆ, ಆ ಪಟ್ಟಿಯನ್ನು ಅಧಿಕಾರ ವಹಿಸಿಕೊಳ್ಳುವ ದಿನವೇ ಪ್ರಕಟಿಸುವಿರಾ’ ಎಂದು ಬರೆದೆ. ಪ್ರತಿನಿಧಿಯೊಬ್ಬರು ಕಾಫಿ ಕುಡಿಯುತ್ತ ಓದಿ, ತುಂಬ ಚೆನ್ನಾಗಿದೆ ಎಂದರು. ಎರಡು ದಿನ ಬಿಟ್ಟು ಅವರ ಮೇಲಧಿಕಾರಿ ತಿದ್ದಿದ ಪ್ರತಿ ಬಂತು. ಸಂಖ್ಯೆಯೂ ಇರಲಿಲ್ಲ, ದಿನವೂ ಇರಲಿಲ್ಲ. ಪಾರದರ್ಶಕತೆಗೆ ಅಭ್ಯರ್ಥಿ ಎಷ್ಟು ಮಹತ್ವ ಕೊಡುತ್ತಾರೆ ಎಂದಷ್ಟೇ ಉಳಿದಿತ್ತು. ಹಲ್ಲು ಕಿತ್ತ ಹಾವು. ಕಾರಣ ನನಗೆ ಅರ್ಥವಾಗದ್ದೇನಲ್ಲ: ಗೆಲ್ಲಬಹುದಾದವರನ್ನು ಮುಜುಗರಕ್ಕೀಡು ಮಾಡಿದ ರಾಷ್ಟ್ರಕ್ಕೆ ಮುಂದಿನ ಒಂದು ವರ್ಷ ಅದೇ ಅಧ್ಯಕ್ಷರ ಬಳಿ ಕೆಲಸವಿರುತ್ತದೆ. ಆ ಚುನಾವಣೆಯಲ್ಲಿ ಎಸ್ಪಿನೋಸಾ 128 ಮತ ಪಡೆದು ಗೆದ್ದರು.

2021ರಲ್ಲಿ ಏಷ್ಯಾ-ಪೆಸಿಫಿಕ್ ಗುಂಪಿನಿಂದ ನಿಂತವರು ಮಾಲ್ಡೀವ್ಸ್‌ನ ವಿದೇಶಾಂಗ ಸಚಿವ ಅಬ್ದುಲ್ಲಾ ಶಾಹಿದ್ ಮತ್ತು ಅಫ್ಘಾನಿಸ್ತಾನದ ಜಲ್ಮಯ್ ರಸೂಲ್. ಶಾಹಿದ್ 2018ರಿಂದಲೇ ಕಣದಲ್ಲಿದ್ದರು, ರಸೂಲ್ ತಡವಾಗಿ ಬಂದರು. ಭಾರತ ಅಷ್ಟರಲ್ಲಾಗಲೇ ಮಾಲ್ಡೀವ್ಸ್‌ಗೆ ಬೆಂಬಲ ಘೋಷಿಸಿತ್ತು. ಕೋವಿಡ್ ಕಾಲವಾದ್ದರಿಂದ ಆ ಸಂವಾದಗಳನ್ನು ನಾನು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕುಳಿತು ನೋಡಿದೆ. ಎಡಗಡೆಯ ಕಾಗದದಲ್ಲಿ ಪ್ರಶ್ನೆ, ಬಲಗಡೆ ಉತ್ತರದಲ್ಲಿ ಬಂದ ಕ್ರಿಯಾಪದ ಮಾತ್ರ. ‘ಪ್ರಯತ್ನಿಸುತ್ತೇನೆ’, ‘ಪರಿಗಣಿಸುತ್ತೇನೆ’ ಎಂಬವುಗಳನ್ನು ಹೊಡೆದುಹಾಕಿ, ‘ಮಾಡುತ್ತೇನೆ’, ‘ಮಾಡುವುದಿಲ್ಲ’ ಎಂದವನ್ನು ಮಾತ್ರ ಉಳಿಸಿಕೊಂಡರೆ ಎರಡು ಗಂಟೆಯ ಮಾತು ಅರ್ಧ ಪುಟಕ್ಕೆ ಇಳಿಯುತ್ತದೆ. ವರ್ಷ ಕಳೆದ ಮೇಲೆ ಲೆಕ್ಕ ಕೇಳಲು ಒದಗುವುದು ಆ ಅರ್ಧ ಪುಟವೇ. ಶಾಹಿದ್ ಅಧ್ಯಕ್ಷರಾದ ಮೇಲೆ, ಮಹಿಳೆಯರಿಗೆ ಸಮಾನ ಸ್ಥಾನವಿಲ್ಲದ ಚರ್ಚಾಗೋಷ್ಠಿಗಳಲ್ಲಿ ಕೂರುವುದಿಲ್ಲ ಎಂದದ್ದೂ, ಪ್ರಾತಿನಿಧ್ಯ ಕಡಿಮೆಯಿರುವ ದೇಶಗಳ ಯುವ ರಾಜತಾಂತ್ರಿಕರಿಗೆ ಫೆಲೋಷಿಪ್ ತಂದದ್ದೂ ನನ್ನ ಮಟ್ಟಿಗೆ ಮುಖ್ಯವೆನಿಸಿದ್ದು ಇದರಿಂದಲೇ. ಎರಡೂ ಆ ಹುದ್ದೆಯಲ್ಲಿರುವ ವ್ಯಕ್ತಿ ಯಾರನ್ನೂ ಕೇಳದೆ ಮಾಡಬಹುದಾದ ಕೆಲಸಗಳು.

ಜೂನ್ 7ರಂದು 143ಕ್ಕೆ 48 ಮತಗಳ ಫಲಿತಾಂಶ ಬಂತು, ನಾನು ಕಡತ ಮುಚ್ಚಿದೆ. ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾದ ಸುದ್ದಿ ಬಂದಾಗ ಅದನ್ನು ಮತ್ತೆ ತೆರೆದು ನೋಡಿದೆ. ಇಬ್ಬರಿಗೂ ಬರೆದಿದ್ದ ಪ್ರಶ್ನೆಗಳಲ್ಲಿ ಸಿಬ್ಬಂದಿಯ ಸಂಬಳದ ಮೂಲ ಇತ್ತು, ನೇಮಕಗಳ ತಿಂಗಳು ಇತ್ತು. ಸಿಬ್ಬಂದಿಯನ್ನು ಕಳಿಸಿ ಸಂಬಳ ಕೊಡಬೇಕಾದ ಸರ್ಕಾರವೇ ಅಧಿವೇಶನದ ನಡುವೆ ಇಲ್ಲವಾದರೆ ಕಚೇರಿ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆ ಇರಲಿಲ್ಲ. ಈಗ ಅದು ಪಟ್ಟಿಯಲ್ಲಿ ನಾಲ್ಕನೆಯದು. ಓದಲು 20 ಸೆಕೆಂಡು ಸಾಕು.