ಬೈಕ್ ಬರುತ್ತದೆ ಅನ್ನುವವರು ಮೊದಲು ಓದಿ: ಗೋವಾದಲ್ಲಿ ಅರ್ಧ ದಿನದ ಎಟಿವಿ

“ತಮ್ಮಾ, ನಾ ಇಪ್ಪತ್ತ ವರ್ಷದಿಂದ ಬುಲೆಟ್ ಹೊಡ್ಯಾಕತ್ತೀನಿ. ನನಗೇನ್ ಕಲಸ್ತೀ, ಕೀಲಿ ಕೊಡು.”

ಹುಬ್ಬಳ್ಳಿ, ಗದಗ ಕಡೆಯ ಅಣ್ಣಾವ್ರು ಯಾರಾದರೂ ಹೀಗಂದರೆ ನಾನು ವಾದಕ್ಕೆ ಇಳಿಯುವುದಿಲ್ಲ. ನಕ್ಕು, ಅವರಿಗೆ ಕೊಡುವ ಎಟಿವಿಯ, ಅಂದರೆ ಮಣ್ಣು ದಾರಿಗೆಂದೇ ಮಾಡಿದ ನಾಲ್ಕು ಗಾಲಿಯ ಗಾಡಿಯ, ಥ್ರಾಟಲ್ ಸ್ಕ್ರೂ ಇನ್ನೆರಡು ಸುತ್ತು ಒಳಗೆ ತಿರುಗಿಸಿ ಬಿಡುತ್ತೇನೆ. ಬಲಗೈ ಹೆಬ್ಬೆರಳು ಒತ್ತುವ ಎಕ್ಸಿಲೇಟರ್ ಡಬ್ಬಿಯ ಹಿಂದೆ ಇರುವ ಪುಟ್ಟ ಸ್ಕ್ರೂ ಅದು. ಒಳಗೆ ಹೋದಷ್ಟೂ ಎಕ್ಸಿಲೇಟರ್ ಪೂರ್ತಿ ಒತ್ತಲು ಬರುವುದಿಲ್ಲ. ಅರ್ಧ ತಾಸು ನೋಡಿ, ಕೈ ಹದಕ್ಕೆ ಬಂದಿದೆ ಅನ್ನಿಸಿದರೆ ಮತ್ತೆ ಹೊರಗೆ ತಿರುಗಿಸುತ್ತೇನೆ. ಅವರಿಗೆ ಎರಡೂ ಗೊತ್ತಾಗುವುದಿಲ್ಲ.

ನಾನು ವಾಸ್ಕೋದ ಬೈನಾದಲ್ಲಿ ಬೆಳೆದವನು. ಅಪ್ಪ ಬಾದಾಮಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಗ್ಯಾರೇಜಿನಲ್ಲಿ ಪಾನಾ ಹಿಡಿದು ಶುರು ಮಾಡಿ, ಈಗ ಒಂಬತ್ತು ವರ್ಷದಿಂದ ಉತ್ತರ ಗೋವಾದಲ್ಲಿ ಎಟಿವಿ ಗೈಡ್ ಆಗಿದ್ದೇನೆ. ಕನ್ನಡ ಮಾತಾಡುವ ಗಿರಾಕಿ ಬಂದರೆ ನನ್ನ ಪಾಲಿಗೇ ಹಾಕುತ್ತಾರೆ. ಇಷ್ಟು ವರ್ಷದಲ್ಲಿ ನಾನು ಪೊದೆಯಿಂದ ಎಬ್ಬಿಸಿ ತಂದವರಲ್ಲಿ ಹೆಚ್ಚಿನವರು ಬೈಕ್ ಚೆನ್ನಾಗಿ ಬರುವವರೇ. ಸೈಕಲ್ಲೂ ಹತ್ತದ ಅವರ ಅತ್ತಿಗೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿಕೊಂಡು ಹಿಂದಿನಿಂದ ಆರಾಮಾಗಿ ಬರುತ್ತಾರೆ.

ಮೊದಲು ಬುಕಿಂಗ್ ವಿಷಯ. ಅರ್ಧ ದಿನ ಅಂದರೆ ನಾಲ್ಕು ತಾಸು ಗಾಡಿ ಮೇಲೆ ಇರುತ್ತೀರಿ ಅಂದುಕೊಳ್ಳಬೇಡಿ. ಕಾಗದಕ್ಕೆ ಸಹಿ, ಹೆಲ್ಮೆಟ್ ಅಳತೆ, ಸಪಾಟು ಜಾಗದಲ್ಲಿ ಅಭ್ಯಾಸ, ನಡುವೆ ಚಹಾ, ಕೊನೆಗೆ ಕೈಕಾಲು ತೊಳೆಯುವುದು ಎಲ್ಲ ಸೇರಿ ನಾಲ್ಕು ತಾಸು. ಓಡಿಸುವುದು ಎರಡು ತಾಸು, ಹೆಚ್ಚೆಂದರೆ ಎರಡೂವರೆ. ಹೊಸಬರಿಗೆ ಅಷ್ಟು ಸಾಕೋ ಸಾಕು. ಆದರೆ ದರ ಹೋಲಿಸುವಾಗ “ಇಂಜಿನ್ ಚಾಲೂ ಇರುವುದು ಎಷ್ಟು ನಿಮಿಷ?” ಅಂತಲೇ ಕೇಳಿ. ಕಡಿಮೆ ದರದ ಕೆಲವು ಕಡೆ ಅರ್ಧ ತಾಸು ಒಂದೇ ಅಂಗಳದಲ್ಲಿ ಗಿರಗಿಟ್ಲೆ ಸುತ್ತಿಸಿ ಕಳಿಸುತ್ತಾರೆ.

ಎರಡನೇ ಪ್ರಶ್ನೆ: ಎಲ್ಲಿ ಓಡಿಸುತ್ತೀರಿ? “ಬೀಚ್ ಮೇಲೆ” ಅಂದರೆ ಅಲ್ಲಿಂದ ಎದ್ದು ಬನ್ನಿ. ಗೋವಾದ ಕಡಲ ತೀರದಲ್ಲಿ ಗಾಡಿ ಓಡಿಸುವುದು ಅಪರಾಧ. ಕೇಸು ಬೀಳುವುದು ಓಡಿಸಿದವರ ಮೇಲೆ, ಅಂದರೆ ನಿಮ್ಮ ಮೇಲೆ. ಕಾನೂನು ಆಚೆಗಿರಲಿ, ಮೋರ್ಜಿ, ಆಗೊಂದ, ಗಾಲ್ಜಿಬಾಗದ ಮರಳಿನಲ್ಲಿ ಚಳಿಗಾಲಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಒಂದೊಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ. ಅಂಗೈಗಿಂತ ಚಿಕ್ಕ ಮರಿಗಳು ಹೊರಬಂದು ನೀರಿನ ಕಡೆ ತೆವಳುವಾಗ, ಟೈರಿನ ಗುರುತು ಅವಕ್ಕೆ ಕಾಲುವೆ ಇದ್ದ ಹಾಗೆ. ಒಳಗೆ ಬಿದ್ದರೆ ಹತ್ತಲಾರವು. ಡಾಂಬರು ರಸ್ತೆಯೂ ಬೇಡ, ಯಾಕೆಂದರೆ ಬಾಡಿಗೆಗೆ ಸಿಗುವ ಈ ಗಾಡಿಗಳಿಗೆ ಸಾಮಾನ್ಯವಾಗಿ ನಂಬರ್ ಪ್ಲೇಟೇ ಇರುವುದಿಲ್ಲ. ಸರಿಯಾದವರು ಖಾಸಗಿ ಜಮೀನಿನಲ್ಲಿ, ಗುಡ್ಡದ ದಾರಿಯಲ್ಲಿ, ಯಜಮಾನರ ಒಪ್ಪಿಗೆ ಪಡೆದು ಕರೆದೊಯ್ಯುತ್ತಾರೆ. ನಮ್ಮದು ಶಾಪೋರಾ ನದಿಯ ಆಚೆ, ಪೆಡ್ನೆ ತಾಲೂಕಿನ ಗೇರು ಗುಡ್ಡ. ಸಮುದ್ರ ಮೇಲಿನಿಂದ ಕಾಣುತ್ತದೆ, ಅಷ್ಟೇ.

ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ ತೋರಿಸಿ ಅನ್ನಿ. ಸಂಕೋಚ ಬೇಡ. ಸಾಲಿನ ಮುಂದೊಬ್ಬ, ಬಾಲದಲ್ಲೊಬ್ಬ ಗೈಡ್ ಇರುತ್ತಾರಾ ಕೇಳಿ. ನಿಮ್ಮ ವಿಮೆಯಲ್ಲಿ ಸಾಹಸ ಕ್ರೀಡೆ ಸೇರಿದೆಯೋ ಬಿಟ್ಟಿದೆಯೋ ಮನೆಯಲ್ಲೇ ನೋಡಿಕೊಂಡು ಬನ್ನಿ. ಮಕ್ಕಳ ವಿಷಯದಲ್ಲಿ ನಾನು ಒರಟ. 16 ತುಂಬದವರಿಗೆ ದೊಡ್ಡವರ ಗಾಡಿ ಕೊಡುವುದಿಲ್ಲ, ಒಬ್ಬರ ಸೀಟಿನ ಗಾಡಿಯಲ್ಲಿ ಮುಂದೆ ಮಗು ಕೂರಿಸಿಕೊಳ್ಳಲೂ ಬಿಡುವುದಿಲ್ಲ. “ಒಂದೇ ಸುತ್ತು, ಫೋಟೋಕ್ಕ” ಅಂದರೂ ಇಲ್ಲ. ಬೇಕಿದ್ದರೆ ಇಂಜಿನ್ ಬಂದ್ ಮಾಡಿ ಕೂರಿಸಿ ಫೋಟೋ ತೆಗೆದುಕೊಳ್ಳಿ.

ಇನ್ನೊಂದು ಮಾತು, ದುಡ್ಡಿನದು. ನನ್ನ ಚಿಕ್ಕಪ್ಪನ ಮಗ ನನಗೆ ಹೇಳದೆ ಬೇರೊಂದು ಕಡೆ ಹೋಗಿದ್ದ. ವಾಪಸ್ ಬಂದಾಗ “ಮಡ್‌ಗಾರ್ಡ್ ಒಡೆದಿದ್ದೀರಿ” ಅಂತ ಅಡ್ವಾನ್ಸ್ ಪೂರ್ತಿ ಹಿಡಿದುಕೊಂಡರು. ಒಡಕು ಹಳೆಯದು, ಒಳಗೆ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಆದರೆ ತೋರಿಸಲು ಅವನ ಹತ್ತಿರ ಏನೂ ಇರಲಿಲ್ಲ. ಹತ್ತುವ ಮುಂಚೆ ಗಾಡಿಯ ಸುತ್ತ ಒಂದು ವಿಡಿಯೋ ಮಾಡಿಕೊಳ್ಳಿ, ಗೈಡ್ ಮುಖವೂ ಅದರಲ್ಲಿ ಬರಲಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ನವೆಂಬರಿನಿಂದ ಫೆಬ್ರವರಿ ಹಿತ. ಮಾರ್ಚ್ ಆದಮೇಲೆ ಬೆಳಿಗ್ಗೆ ಏಳರ ಸರದಿ ಹಿಡಿಯಿರಿ, ಹತ್ತರ ಮೇಲೆ ಹೆಲ್ಮೆಟ್ಟಿನೊಳಗೆ ತಲೆ ಇಡ್ಲಿಯಂತೆ ಬೇಯುತ್ತದೆ. ಮಳೆಗಾಲದಲ್ಲಿ ಕೆಸರಿನ ಮಜಾ ಉಂಟು, ಆದರೆ ಪಾಚಿಗಟ್ಟಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ಹೊಸಬರನ್ನು ಕರೆದೊಯ್ಯಲು ನನಗೆ ಮನಸ್ಸಿಲ್ಲ. ರಾತ್ರಿ ಬಸ್ಸಿನಲ್ಲಿ ಬಂದು ನಿದ್ದೆಗಣ್ಣಲ್ಲೇ ಗಾಡಿ ಹತ್ತುವುದು ಯಾವ ಕಾಲಕ್ಕೂ ಬೇಡ.

ಬಟ್ಟೆ: ಇಲ್ಲಿಯ ಮಣ್ಣಿನಲ್ಲಿ ಕಬ್ಬಿಣದ ತುಕ್ಕಿನ ಬಣ್ಣವೇ ಇರುವುದು, ಬಿಳಿ ಅಂಗಿಗೆ ಹತ್ತಿದರೆ ಯಾವ ಸೋಪಿಗೂ ಬಗ್ಗದು. ಹಳೆಯ ಜೀನ್ಸ್, ತುಂಬು ತೋಳಿನ ಅಂಗಿ, ಹರಡು ಮುಚ್ಚುವ ಬೂಟು. ಚಪ್ಪಲಿ ಹಾಕಿ ಬಂದವರನ್ನು ನಾನು ಹತ್ತಿಸುವುದಿಲ್ಲ. ದುಪಟ್ಟಾ ಬಿಚ್ಚಿ ಇಟ್ಟು ಬನ್ನಿ, ಜಡೆ ಅಂಗಿಯೊಳಗೆ ಹಾಕಿ, ಹಿಂದಿನ ಅಚ್ಚಿಗೆ ಸುತ್ತಿಕೊಂಡರೆ ಕೆಟ್ಟದ್ದು. ಹೆಲ್ಮೆಟ್ ಒಳಗೆ ಕಟ್ಟಲು ಮನೆಯದೇ ಹತ್ತಿ ಬಟ್ಟೆ ತನ್ನಿ, ನಿಮಗಿಂತ ಮುಂಚೆ ಎಷ್ಟು ತಲೆ ಬೆವರಿದೆಯೋ! ಘಟ್ಟದ ಅಂಚಿನ ಸತ್ತರಿ ತಾಲೂಕಿನ ಕಾಡಿನ ಕಡೆ ಹೋಗುವ ಟೂರ್ ಆದರೆ ಬೇಸಿಗೆಯಲ್ಲಿ ಉಣುಗಿನ ಬಗ್ಗೆ ಎಚ್ಚರ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಅಲ್ಲಿಯೂ ಕಾಣಿಸಿಕೊಂಡಿದೆ.

ಈಗ ಗಾಡಿ. ಹತ್ತುವ ಮುಂಚೆ ಮೂರು ಕೆಲಸ ನೀವೇ ಮಾಡಿ. ಟೈರನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಿರಬೇಕು. ಕಾರಿನ ಟೈರಿಗೆ 30 ಪಿಎಸ್‌ಐ ಗಾಳಿ ಇದ್ದರೆ ಇದಕ್ಕೆ ಐದಾರು ಸಾಕು, ಆದರೆ ನಾಲ್ಕೂ ಒಂದೇ ಸಮ ಇರಲಿ. ಬ್ರೇಕ್ ಹಿಡಿದು ಗಾಡಿಯನ್ನು ತಳ್ಳಿ ನೋಡಿ. ಕೊನೆಯದಾಗಿ, ಕೆಂಪು ಸುರುಳಿ ದಾರ. ಅದರ ಒಂದು ತುದಿ ಹ್ಯಾಂಡಲ್ ಅಥವಾ ಹಿಂಬದಿಯ ಸ್ವಿಚ್ಚಿಗೆ, ಇನ್ನೊಂದು ನಿಮ್ಮ ಮಣಿಕಟ್ಟಿಗೆ ಇಲ್ಲವೇ ಸೊಂಟಕ್ಕೆ. ನೀವು ಬಿದ್ದರೆ ದಾರ ಕಿತ್ತು ಇಂಜಿನ್ ನಿಲ್ಲಬೇಕು. ಚಾಲೂ ಮಾಡಿಸಿ, ದಾರ ಎಳೆಯಿರಿ. ಇಂಜಿನ್ ಸಾಯದಿದ್ದರೆ ಬೇರೆ ಗಾಡಿ ಕೇಳಿ. ದಾರದ ಜಾಗದಲ್ಲಿ ತಂತಿ ಸುತ್ತಿ ಸ್ವಿಚ್ಚನ್ನು ಕಾಯಂ ಚಾಲೂ ಮಾಡಿಟ್ಟಿದ್ದನ್ನು ನಾನೇ ಕಂಡಿದ್ದೇನೆ.

ನಾಲ್ಕು ಗಾಲಿ ಇದೆ, ಹೇಗೆ ಬೀಳುತ್ತದೆ ಅಂತ ಎಲ್ಲರೂ ಕೇಳುತ್ತಾರೆ. 1970ರಲ್ಲಿ ಹೋಂಡಾ ಇಂಥ ಗಾಡಿ ತಂದಾಗ ಮೂರೇ ಗಾಲಿ ಇದ್ದವು. ಜನ ಬಿದ್ದು ಬಿದ್ದು 1988ರಲ್ಲಿ ಅಮೆರಿಕದಲ್ಲಿ ಆ ಮೂರು ಗಾಲಿಯದರ ಮಾರಾಟವೇ ನಿಂತಿತು. ನಾಲ್ಕಾದ ಮೇಲೆ ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಕಾರಣ ಹಿಂದಿನ ಅಚ್ಚಿನಲ್ಲಿದೆ. ನಮ್ಮ ಚಕ್ಕಡಿ ನೆನಪು ಮಾಡಿಕೊಳ್ಳಿ. ಅಚ್ಚು ಸುಮ್ಮನಿರುತ್ತದೆ, ಗಾಲಿಗಳು ತಮ್ಮ ಪಾಡಿಗೆ ತಿರುಗುತ್ತವೆ. ಬಂಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಹೆಚ್ಚು ಉರುಳುತ್ತದೆ, ಒಳಗಿನದು ಕಡಿಮೆ. ಬಾಡಿಗೆಯ ಸಣ್ಣ ಎಟಿವಿಗಳಲ್ಲಿ ಎರಡು ಹಿಂಗಾಲಿಯೂ ಒಂದೇ ಅಚ್ಚಿಗೆ ಬಿಗಿದಿರುತ್ತವೆ, ಸಮಸಮ ತಿರುಗುತ್ತವೆ. ಹಾಗಾಗಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗುತ್ತೇನೆ ಅನ್ನುತ್ತದೆ. ಬೈಕಿನವರು ಇಲ್ಲೇ ಗಾಬರಿಯಾಗುವುದು. ಬೈಕ್ ತಾನೇ ವಾಲುತ್ತದೆ, ಇದು ವಾಲುವುದಿಲ್ಲ, ನೀವು ವಾಲಬೇಕು. ಎಡಕ್ಕೆ ತಿರುಗಬೇಕಾ, ಮೈಯನ್ನು ಮುಂದೆ ಬಾಗಿಸಿ ಎಡಕ್ಕೆ ತನ್ನಿ, ಬಲಗಾಲಿನಿಂದ ಫುಟ್‌ರೆಸ್ಟ್ ಒತ್ತಿ. ಒಳಗಿನ ಹಿಂಗಾಲಿ ಹಗುರಾಗಿ ಜಾರುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇದನ್ನು ಸಪಾಟು ನೆಲದಲ್ಲಿ ಎಂಟರ ಆಕಾರದಲ್ಲಿ ಹತ್ತು ಸಲ ಮಾಡಿ. ಗೈಡ್ ಅವಸರ ಮಾಡಿದರೂ ನೀವು ಮಾಡಬೇಡಿ.

ಬೈಕಿನ ಎರಡನೇ ಚಟ ಇನ್ನೂ ಕೆಟ್ಟದ್ದು: ಗಾಡಿ ಓಲಾಡಿದ ಕೂಡಲೇ ಕಾಲು ಕೆಳಗೆ ಊರುವುದು. ನನ್ನ ಮೊದಲ ವಾರದಲ್ಲಿ, ಆಗ ಬೇರೆ ಕಡೆ ಕೆಲಸಕ್ಕಿದ್ದೆ, ಯಾರೂ ಹೇಳಿಕೊಟ್ಟಿರಲಿಲ್ಲ. ಇಳಿಜಾರಿನಲ್ಲಿ ಎಡಕ್ಕೆ ವಾಲಿತು, ಎಡಗಾಲು ತಾನಾಗಿ ನೆಲ ಮುಟ್ಟಿತು. ಪಾದ ನಿಂತಲ್ಲೇ ನಿಂತಿತು, ಗಾಡಿ ಮುಂದೆ ಹೋಯಿತು. ಹಿಂದಿನ ಟೈರು ಮೊದಲು ಹಿಮ್ಮಡಿ ಹಿಡಿಯಿತು, ಆಮೇಲೆ ಮೀನಖಂಡದ ಮೇಲೆ ನಿಧಾನ ಹತ್ತಿತು. ಮೆತ್ತನೆಯ ಟೈರು, ಮೂಳೆ ಉಳಿಯಿತು. ಆದರೆ ಟೈರಿನ ಗಟ್ಟೆಗಳು ಚರ್ಮದ ಮೇಲೆ ಸಾಲಾಗಿ ಅಚ್ಚೊತ್ತಿದ್ದವು, ಮೂರು ವಾರ ಕುಂಟಿದೆ. ಗಾಡಿ ಪೂರ್ತಿ ನಿಲ್ಲುವ ತನಕ ಎರಡೂ ಪಾದ ಫುಟ್‌ರೆಸ್ಟ್ ಮೇಲೇ ಇರಲಿ.

ಮೂರನೆಯದು ಹೆಬ್ಬೆರಳು. ಹೆದರಿದ ಕೈ ಮುಷ್ಟಿ ಬಿಗಿಯುತ್ತದೆ, ಮುಷ್ಟಿ ಬಿಗಿದರೆ ಹೆಬ್ಬೆರಳೂ ಒತ್ತುತ್ತದೆ, ಗಾಡಿ ನಿಲ್ಲುವ ಬದಲು ಹಾರುತ್ತದೆ. ಅಭ್ಯಾಸದಲ್ಲಿ ನಾನು “ನಿಲ್ಸ್ರೀ!” ಅಂತ ಕೂಗಿದಾಗ ಮಾಡಬೇಕಾದ ಮೊದಲ ಕೆಲಸ ಬ್ರೇಕ್ ಅಲ್ಲ, ಹೆಬ್ಬೆರಳನ್ನು ಪೂರ್ತಿ ಬಿಚ್ಚಿ ಗಾಳಿಯಲ್ಲಿ ಎತ್ತುವುದು. ಆಮೇಲೆ ಬ್ರೇಕ್.

ಗುಡ್ಡದ ಮೇಲೆ ಗರಸು ಕಲ್ಲು, ಕಣದಲ್ಲಿ ಚೆಲ್ಲಿದ ಕಡಲೆ ಮೇಲೆ ನಡೆದ ಹಾಗೆ. ಮುಂದಿನ ಗಾಡಿಯ ಧೂಳು ತಿನ್ನದಷ್ಟು ದೂರ ಬಿಡಿ, ಕವಲು ದಾರಿ ಬಂದಲ್ಲಿ ಹಿಂದಿನವರು ಕಾಣುವ ತನಕ ನಿಲ್ಲಿ. ಏರಿನಲ್ಲಿ ಎದೆ ಹ್ಯಾಂಡಲ್ ಕಡೆ, ಎಕ್ಸಿಲೇಟರ್ ಒಂದೇ ಸಮ. ನಡುವೆ ಇಂಜಿನ್ ನಿಂತರೆ ಬ್ರೇಕ್ ಹಿಡಿದು ಕೂತುಬಿಡಿ, ಹಿಂದಕ್ಕೆ ಬಿಡಲು ಹೋಗಬೇಡಿ, ನಾವು ಬರುತ್ತೇವೆ. ಇಳಿಯುವಾಗ ಸೀಟಿನ ಹಿಂದೆ ಸರಿದು, ಮುಂದಿನ ಬ್ರೇಕನ್ನು ಮೆಲ್ಲಗೆ. ಕಲ್ಲು ಕೊರಕಲು ಬಂದರೆ ತುಸು ಎದ್ದು, ಮೊಣಕಾಲು ಸಡಿಲ ಬಿಟ್ಟು ನಿಲ್ಲಿ. ಖಾಲಿ ಚಕ್ಕಡಿಯಲ್ಲಿ ನಿಂತು ಹೊಲಕ್ಕೆ ಹೋದವರಿಗೆ ಇದನ್ನು ಕಲಿಸಬೇಕಿಲ್ಲ. ನೀರು ದಾಟಿದ ಕೂಡಲೇ ಬ್ರೇಕ್ ಎರಡು ಮೂರು ಸಲ ಹಿಡಿದು ಬಿಡಿ, ಒದ್ದೆಯಾದದ್ದು ಮೊದಲ ಸಲಕ್ಕೆ ಕಚ್ಚುವುದಿಲ್ಲ. ಕಣ್ಣು ದಾರಿ ಮೇಲೇ ಇರಲಿ. 2023ರ ಜನವರಿಯಲ್ಲಿ ಮೋಪಾ ವಿಮಾನ ನಿಲ್ದಾಣ ಶುರುವಾದಾಗಿನಿಂದ ನಮಗೆ ಹೊಸ ಕಾಟ. ವಿಮಾನ ತಲೆ ಮೇಲೆ ತಗ್ಗಿನಲ್ಲಿ ಹೋಗುತ್ತದೆ, ಗಿರಾಕಿ ಕತ್ತು ಎತ್ತುತ್ತಾನೆ, ಗಾಡಿ ಗೇರು ಮರಕ್ಕೆ ಹೋಗುತ್ತದೆ.

ಗುಡ್ಡ ಇಳಿದ ಮೇಲೆ ಖಾಜನ್ ಗದ್ದೆಗಳು ಸಿಗುತ್ತವೆ. ಉಪ್ಪು ನೀರನ್ನು ಮಣ್ಣಿನ ಒಡ್ಡು ಹಾಕಿ ತಡೆದು, ಭರತ ಇಳಿತ ನೋಡಿ ತೂಬು ತೆರೆದು ಮುಚ್ಚಿ ಮಾಡುವ ಬೇಸಾಯ. ನಮ್ಮ ಜೊತೆಗಿರುವ ಕುಮಟೆಯ ಹುಡುಗ ನೋಡಿದ ಕೂಡಲೇ “ಇದು ನಮ್ಮೂರ ಗಜನಿ, ಇಲ್ಲಿ ಕಗ್ಗ ಭತ್ತ ಹಾಕಬೇಕು” ಅಂದ. ಒಡ್ಡಿನ ಮೇಲೆ ಗಾಡಿ ಹತ್ತಿಸಬೇಡಿ. ನೋಡಲು ಚೆಂದದ ದಾರಿಯಂತೆ ಕಾಣುತ್ತದೆ, ಆದರೆ ಕುಸಿದರೆ ಉಪ್ಪು ನೀರು ನುಗ್ಗಿ ಗದ್ದೆ ಹಾಳು. ಅಲ್ಲಿ ಇಂಜಿನ್ ಬಂದ್ ಮಾಡಿ, ಇಳಿದು ನಡೆಯಿರಿ. ಮನೆಗಳ ಹತ್ತಿರ ಕೂಡ ಹೆಬ್ಬೆರಳು ಹಗುರ ಇರಲಿ. ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸಿದ ಅಜ್ಜಿ ನಿಮ್ಮ ಧೂಳಿಗೆ ಬೈಯುವುದು ನನ್ನನ್ನು.

ಮಾರ್ಚ್, ಏಪ್ರಿಲಿನಲ್ಲಿ ಗೇರುಹಣ್ಣಿನ ವಾಸನೆ ಗುಡ್ಡದ ತುಂಬ. ಹಣ್ಣು ತುಳಿದು ರಸ ತೆಗೆದು ಭಟ್ಟಿ ಇಳಿಸುವುದನ್ನು ತೋರಿಸುತ್ತೇವೆ, ಮೊದಲ ಇಳಿಕೆಯದು ಉರಾಕ್, ಇನ್ನೊಮ್ಮೆ ಇಳಿಸಿದರೆ ಫೆನಿ. ಲೋಟ ಮುಂದೆ ಬರುತ್ತದೆ. ಗಾಡಿ ಇನ್ನೂ ಓಡಿಸುವುದಿದ್ದರೆ ಮುಟ್ಟಬೇಡಿ. ಬಾಟಲಿಗೆ ಹಾಕಿಸಿಕೊಂಡು ಕೋಣೆಗೆ ಹೋಗಿ ಕುಡಿಯಿರಿ.

ಏನಾದರೂ ಪೆಟ್ಟಾದರೆ ನಾಚಿಕೆಗೆ ಮುಚ್ಚಿಡಬೇಡಿ, ಆಗಲೇ ಹೇಳಿ. 108 ಇಲ್ಲಿಯೂ ನಡೆಯುತ್ತದೆ. ಮುಗಿಸಿ ಬರುವಷ್ಟರಲ್ಲಿ ಹನ್ನೊಂದೂವರೆ. ಕಾರಿನ ಸೀಟಿಗೆ ಹಾಸಲು ಹಳೆ ಚಾದರ ಇಟ್ಟುಕೊಂಡಿರಿ. ಮಧ್ಯಾಹ್ನ ಒಂದರಿಂದ ಇಲ್ಲಿಯ ಅಂಗಡಿಗಳು ನಿದ್ದೆಗೆ ಬಾಗಿಲು ಹಾಕುತ್ತವೆ, ಬೇಕಾದ್ದನ್ನು ಅದಕ್ಕೂ ಮುಂಚೆ ತೆಗೆದುಕೊಳ್ಳಿ. ಬುಲೆಟ್ ಅಣ್ಣಾವ್ರು ಕೊನೆಗೆ ಚಹಾದ ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದರು. ಎರಡು ತಾಸು ಒತ್ತಿದ ಬಲ ಹೆಬ್ಬೆರಳು ಸಂಜೆ ತನಕ ಜೋಮು ಹಿಡಿದಂತೆ ಇರುತ್ತದೆ, ಭುಜ ಮರುದಿನ ಮಾತಾಡುತ್ತದೆ. ಅದೇ ದಿನ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗುವುದಿದ್ದರೆ, ಸ್ಟೀರಿಂಗನ್ನು ಎಟಿವಿ ಹತ್ತದೆ ನೆರಳಲ್ಲಿ ಕೂತವರ ಕೈಗೆ ಕೊಡಿ.