ಆ್ಯಪ್ ಒಳಗಿನ ಪೈಥಾನ್ 3.9ರಿಂದ 3.12ಕ್ಕೆ: ಪ್ಲಗಿನ್‌ಗಳು ಮುರಿಯದಂತೆ ಏರಿಸಿದ ಬಗೆ

ನಮ್ಮ ಡೆಸ್ಕ್‌ಟಾಪ್ ಆ್ಯಪ್ ಜೊತೆಗೇ ಪೈಥಾನ್ ಹೋಗುತ್ತದೆ. ಬಳಕೆದಾರರು ಅದನ್ನೇ ನಂಬಿ ಪ್ಲಗಿನ್ ಬರೆದುಕೊಂಡಿದ್ದಾರೆ. ಹಾಗಾಗಿ ಏರಿಸುವಾಗ ಒಂದು ನಿಯಮವನ್ನು ಬಿಡಲಿಲ್ಲ: ಇಂಟರ್‌ಪ್ರಿಟರ್ (ಕೋಡ್ ಓಡಿಸುವ ಪೈಥಾನ್) ಮತ್ತು ಪ್ಯಾಕೇಜ್‌ಗಳನ್ನು (ಅದರ ಜೊತೆ ಸೇರಿಸಿದ ಲೈಬ್ರರಿಗಳನ್ನು) ಒಂದೇ ಬಿಡುಗಡೆಯಲ್ಲಿ ಬದಲಿಸಬಾರದು. ಎರಡನ್ನೂ ಒಟ್ಟಿಗೆ ಮುಟ್ಟಿದರೆ, ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ತಿಳಿಯುವುದೇ ಇಲ್ಲ.

ಇದಕ್ಕೆ ಹಳೆಯ ಪೈಥಾನಿನಲ್ಲೂ ಹೊಸದರಲ್ಲೂ ಓಡುವ ಪ್ಯಾಕೇಜ್ ಆವೃತ್ತಿ ಬೇಕು. ಲೆಕ್ಕಾಚಾರದ ಲೈಬ್ರರಿ ನಮ್‌ಪೈ ಮಟ್ಟಿಗೆ ಅದು 1.26, ಪೈಥಾನ್ 3.9ರಿಂದ 3.12ರವರೆಗೆ ನಡೆಯುತ್ತದೆ. ಮೊದಲ ಬಿಡುಗಡೆಯಲ್ಲಿ ಪೈಥಾನ್ 3.9 ಹಾಗೇ ಇಟ್ಟು ನಮ್‌ಪೈಯನ್ನು 1.26.4ಕ್ಕೆ ತಂದೆ. ಎರಡನೆಯದರಲ್ಲಿ ಇಂಟರ್‌ಪ್ರಿಟರ್ ಮಾತ್ರ. ಆಗ ಲಾಕ್ ಫೈಲಿನಲ್ಲಿ (ಪ್ಯಾಕೇಜ್ ಆವೃತ್ತಿಗಳ ಪಟ್ಟಿಯಲ್ಲಿ) ವೀಲ್‌ಗಳ, ಅಂದರೆ ಸಿದ್ಧ ಪ್ಯಾಕೇಜ್ ಫೈಲ್‌ಗಳ, ಹ್ಯಾಶ್ ಬದಲಾಗಬಹುದು, ಆವೃತ್ತಿ ಸಂಖ್ಯೆ ಒಂದೂ ಬದಲಾಗಕೂಡದು. ನಮ್‌ಪೈ 2.0ಕ್ಕೆ ಈ ಸುತ್ತಿನಲ್ಲಿ ಕೈ ಹಾಕಲಿಲ್ಲ. 1.x ಹೆಡರ್ ಬಳಸಿ ಕಂಪೈಲ್ ಮಾಡಿದ ಮಾಡ್ಯೂಲ್ 2.0 ಜೊತೆ ಓಡುವುದಿಲ್ಲ. ಅದು ಬೇರೆಯದೇ ಕೆಲಸ.

ಹಳೆಯ ಕೋಡ್ ಎಲ್ಲಿ ಮುರಿಯುತ್ತದೆಂದು ಪೈಥಾನ್ ತಾನೇ ಹೇಳುತ್ತದೆ, ಆದರೆ ಡೆಪ್ರಿಕೇಶನ್ ಎಚ್ಚರಿಕೆಗಳನ್ನು (‘ಇದು ಮುಂದೆ ಹೋಗಲಿದೆ’ ಎಂಬ ಸೂಚನೆಗಳನ್ನು) ಮುಖ್ಯ ಸ್ಕ್ರಿಪ್ಟ್‌ನ ಹೊರಗೆ ತೋರಿಸುವುದಿಲ್ಲ. ಪ್ಲಗಿನ್ ಎಂದರೆ ಹೊರಗೇ. ಪರಿಸರ ವೇರಿಯಬಲ್ ಹಾಕಿ ಅವನ್ನು ತೋರಿಸಲು ಹೋದರೆ, ಐಸೊಲೇಟೆಡ್ ಕಾನ್ಫಿಗ್‌ನಲ್ಲಿ (ಯಂತ್ರದ ಸೆಟ್ಟಿಂಗ್‌ಗಳಿಂದ ಬೇರ್ಪಟ್ಟ ವ್ಯವಸ್ಥೆಯಲ್ಲಿ) ಶುರುವಾದ ಇಂಟರ್‌ಪ್ರಿಟರ್ ಪೈಥಾನಿನ ಪರಿಸರ ವೇರಿಯಬಲ್‌ಗಳನ್ನು ನೋಡುವುದೇ ಇಲ್ಲ. ಆ್ಯಪ್ ಪೈಥಾನನ್ನು ಶುರುಮಾಡುವಾಗ ತುಂಬುವ ಪೈಕಾನ್ಫಿಗ್‌ನ ವಾರ್ನ್‌ಆಪ್ಷನ್ಸ್ ಪಟ್ಟಿಗೇ ಸೇರಿಸಬೇಕು. ಐಸೊಲೇಟೆಡ್ ಕಾನ್ಫಿಗ್ ಬಿಡಬೇಡಿ: ಬಳಕೆದಾರರ ಯಂತ್ರದಲ್ಲಿ ಪೈಥಾನ್‌ಹೋಮ್ ಎಂಬ ಪರಿಸರ ವೇರಿಯಬಲ್ ಬೇರೆ ಕಡೆ ತೋರಿಸುತ್ತಿದ್ದರೆ ನಿಮ್ಮ ಇಂಟರ್‌ಪ್ರಿಟರ್ ಇನ್ಯಾವುದೋ ಆವೃತ್ತಿಯ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಎತ್ತಿಕೊಂಡು, ‘ಎಸ್‌ಆರ್‌ಇ ಮಾಡ್ಯೂಲ್ ಮಿಸ್‌ಮ್ಯಾಚ್’ ಎಂದು ಬೀಳುತ್ತದೆ.

ಪರೀಕ್ಷೆಯನ್ನು 3.9ರಲ್ಲಿ ಮಾತ್ರ ಓಡಿಸಿದರೆ ಸಾಲದು. ಪ್ಯಾಕೇಜ್ ಕಟ್ಟುವ ಹಳೆಯ ಮಾಡ್ಯೂಲ್ ಡಿಸ್ಟ್‌ಯುಟಿಲ್ಸ್ ಬಗ್ಗೆ ಎಚ್ಚರಿಕೆ ಬರುವುದು 3.10ರಿಂದ, ಅದನ್ನು ತೆಗೆದುಹಾಕಿದ್ದು 3.12ರಲ್ಲಿ. ಅದಕ್ಕೇ 3.11ರ ಒಂದು ಬಿಲ್ಡ್ ಪರೀಕ್ಷೆಗೆಂದೇ ಇಟ್ಟುಕೊಂಡೆ, ಯಾರಿಗೂ ಕೊಡಲಿಲ್ಲ. ಇಲ್ಲಿ ಇನ್ನೊಂದು ಗುಂಡಿ ಇದೆ. ಅದೇ ಕೆಲಸದ ಬೇರೆ ಪ್ಯಾಕೇಜ್ ಸೆಟಪ್‌ಟೂಲ್ಸ್ ಇರುವ ಯಂತ್ರದಲ್ಲಿ 3.12ರಲ್ಲೂ ಡಿಸ್ಟ್‌ಯುಟಿಲ್ಸ್ ಇಂಪೋರ್ಟ್ ಆಗುತ್ತದೆ, ಏಕೆಂದರೆ ಸೆಟಪ್‌ಟೂಲ್ಸ್ ತನ್ನದೇ ಪ್ರತಿಯನ್ನು ಮುಂದಿಡುತ್ತದೆ. ಪರೀಕ್ಷೆ ಪಾಸಾಗುತ್ತದೆ, ಬಂಡಲ್ ಬೀಳುತ್ತದೆ. ಪರೀಕ್ಷಾ ಪರಿಸರದಲ್ಲಿ ಸೆಟಪ್‌ಟೂಲ್ಸ್ ಇರಬಾರದು. ಇಂಪ್ ಮಾಡ್ಯೂಲ್, ಸೇಫ್‌ಕಾನ್ಫಿಗ್‌ಪಾರ್ಸರ್, ಯೂನಿಟ್‌ಟೆಸ್ಟ್‌ನ ಅಸರ್ಟ್‌ಈಕ್ವಲ್ಸ್ ಕೂಡ 3.12ರಲ್ಲಿ ಹೋಗಿವೆ, ಅವು ಸಿಕ್ಕಿದ ಕಡೆ ತಿದ್ದುವುದು ಸುಲಭ.

ಸಿ ಎಕ್ಸ್‌ಟೆನ್ಶನ್‌ಗಳೇ (ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ ಮಾಡ್ಯೂಲ್‌ಗಳೇ) ನಿಜವಾದ ತಲೆನೋವು. ಹೆಸರಿನಲ್ಲಿ ‘ಸಿಪೈಥಾನ್-39’ ಇರುವ ಎಸ್‌ಒ ಫೈಲನ್ನು 3.12 ಹುಡುಕುವುದೇ ಇಲ್ಲ. ಹೀಗಾಗಿ ದೋಷ ‘ಮಾಡ್ಯೂಲ್ ಇಲ್ಲ’ ಎಂದು ಬರುತ್ತದೆ. ಫೋಲ್ಡರ್ ತೆರೆದರೆ ಫೈಲ್ ಕಣ್ಣೆದುರೇ ಇದೆ! ಇದಾದರೂ ವಾಸಿ. ಬರೀ ‘.ಎಸ್‌ಒ’ ಎಂದು ಹೆಸರಿಟ್ಟದ್ದನ್ನು ಯಾವ ಆವೃತ್ತಿಯದೆಂದು ನೋಡದೆ ಲೋಡ್ ಮಾಡುತ್ತದೆ, ಆಮೇಲೆ ಕ್ರ್ಯಾಶ್. ಇನ್‌ಸ್ಟಾಲರ್ ಪ್ಲಗಿನ್ ಫೋಲ್ಡರಿನಲ್ಲಿ ಅಂಥವನ್ನು ಹುಡುಕಿ ಬದಿಗಿಡುವಂತೆ ಮಾಡಿದೆ.

ನಮ್ಮದೇ ಎಕ್ಸ್‌ಟೆನ್ಶನ್‌ಗಳನ್ನು ಲಿಮಿಟೆಡ್ ಎಪಿಐಗೆ, ಅಂದರೆ ಆವೃತ್ತಿ ಬದಲಾದರೂ ಉಳಿಯುವ ಸಿ ಫಂಕ್ಷನ್‌ಗಳಿಗೆ ಮಾತ್ರ ಸೀಮಿತವಾದ ಇಂಟರ್‌ಫೇಸ್‌ಗೆ, ತಂದೆ. ಅದರ ಮ್ಯಾಕ್ರೊಗೆ 3.9ರ ಮೌಲ್ಯ ಕೊಟ್ಟು ಕಟ್ಟಿದ ‘ಎಬಿಐ3’ ಫೈಲ್ 3.12ರಲ್ಲೂ ಮತ್ತೆ ಕಂಪೈಲ್ ಮಾಡದೆ ಓಡುತ್ತದೆ. ಆದರೆ ಸೆಟಪ್ ಫೈಲಿನಲ್ಲಿ ಲಿಮಿಟೆಡ್ ಎಪಿಐ ಎಂಬ ಗುರುತು ಹಾಕಿ ಮ್ಯಾಕ್ರೊ ಮರೆತರೆ ಹೆಸರು ಮಾತ್ರ ಎಬಿಐ3, ಒಳಗೆ ಒಂದೇ ಆವೃತ್ತಿಗೆ ಕಟ್ಟಿದ ಕೋಡೇ. ಎಬಿಐ3ಆಡಿಟ್ ಎಂಬ ಪರಿಶೀಲನಾ ಸಾಧನ ಅದನ್ನು ಹಿಡಿಯುತ್ತದೆ. ವಿಂಡೋಸ್‌ನಲ್ಲಿ ಇಂಥ ಫೈಲ್‌ಗಳು ‘ಪೈಥಾನ್3’ ಡಿಎಲ್‌ಎಲ್ ಕೇಳುತ್ತವೆ. ‘ಪೈಥಾನ್312’ ಜೊತೆ ಅದನ್ನೂ ಬಂಡಲಿನಲ್ಲಿ ಇಡಬೇಕು.

ಪ್ಲಗಿನ್‌ಗಳು ಕರೆಯುವ ನಮ್ಮ ಇಂಟರ್‌ಫೇಸ್‌ಗೆ ಆ್ಯಪ್ ಆವೃತ್ತಿಯಿಂದ ಬೇರೆಯಾದ ಸಂಖ್ಯೆ ಕೊಟ್ಟೆ. ಎಲ್ಲ ಸಾರ್ವಜನಿಕ ಫಂಕ್ಷನ್‌ಗಳ ಸಿಗ್ನೇಚರನ್ನು (ಆರ್ಗ್ಯುಮೆಂಟ್‌ಗಳ ಪಟ್ಟಿಯನ್ನು) ಇನ್‌ಸ್ಪೆಕ್ಟ್ ಮಾಡ್ಯೂಲಿನಿಂದ ಒಂದು ಪಠ್ಯ ಫೈಲಿಗೆ ಬರೆಸಿ, ಆ ಫೈಲನ್ನು ಗಿಟ್‌ನಲ್ಲಿ ಇಟ್ಟಿದ್ದೇನೆ. ಬಿಲ್ಡ್‌ನಲ್ಲಿ ಆ ಫೈಲಿಗೆ ಡಿಫ್ (ವ್ಯತ್ಯಾಸ) ಬಂದರೆ ಬಿಲ್ಡ್ ನಿಲ್ಲುತ್ತದೆ. ಆರ್ಗ್ಯುಮೆಂಟಿನ ಹೆಸರು ‘ಪಾತ್’ ಇದ್ದದ್ದು ‘ಫೈಲ್‌ಪಾತ್’ ಆದರೂ ಸಿಕ್ಕಿಬೀಳುತ್ತದೆ; ಹೆಸರು ಹಿಡಿದು ಕರೆಯುವ ಪ್ಲಗಿನ್‌ಗೆ ಅದು ಮುರಿತವೇ. ತೆಗೆಯಬೇಕಾದ ಹೆಸರನ್ನು ಮಾಡ್ಯೂಲ್ ಮಟ್ಟದ ಗೆಟ್‌ಆಟ್ರ್ (ಇಲ್ಲದ ಹೆಸರು ಕೇಳಿದಾಗ ಓಡುವ ಫಂಕ್ಷನ್) ಮೂಲಕ ಉಳಿಸಿ ಎಚ್ಚರಿಕೆ ಕೊಡುತ್ತೇನೆ. ಎಚ್ಚರಿಕೆ ಕೊಡುವಾಗ ಸ್ಟ್ಯಾಕ್‌ಲೆವೆಲ್ ಆರ್ಗ್ಯುಮೆಂಟನ್ನು 2 ಎಂದಿಟ್ಟರೆ ಅದು ನಮ್ಮ ಸಾಲನ್ನಲ್ಲ, ಪ್ಲಗಿನ್ ಬರೆದವರ ಸಾಲನ್ನೇ ತೋರಿಸುತ್ತದೆ.