ದೊಡ್ಡ ಸಸ್ಯೋದ್ಯಾನಕ್ಕೆ ಹೊರಡುವ ಮುನ್ನ

ದೊಡ್ಡ ಸಸ್ಯೋದ್ಯಾನವನ್ನು ಒಂದೇ ದಿನದಲ್ಲಿ ಪೂರ್ತಿ ನೋಡಿ ಮುಗಿಸುತ್ತೇವೆಂದು ಹೊರಟವರ ನೆನಪಿನಲ್ಲಿ ಕೊನೆಗೆ ಉಳಿಯುವುದು ಕಾಲುನೋವು ಮಾತ್ರ. ಲಂಡನ್ನಿನ ಕ್ಯೂ ಉದ್ಯಾನದ ವಿಸ್ತಾರ ಸುಮಾರು 130 ಹೆಕ್ಟೇರ್, ಹೌರಾದ ಸಸ್ಯೋದ್ಯಾನದ್ದು ಸುಮಾರು 109, ಸಿಂಗಪುರದ್ದು 82. ಇಂಥ ಕಡೆ ಏನನ್ನು ನೋಡಬೇಕು ಎಂಬುದಕ್ಕಿಂತ ಏನನ್ನು ಬಿಡಬೇಕು ಎಂಬುದನ್ನೇ ಮೊದಲು ತೀರ್ಮಾನಿಸಬೇಕು.

ಮೊದಲ ಹೆಜ್ಜೆ, ತಿಂಗಳ ಆಯ್ಕೆ. ನಿಮಗೆ ಬಿಡುವಿರುವ ದಿನ ಗಿಡಕ್ಕೂ ಹೂಬಿಡುವ ದಿನವಾಗಿರಬೇಕೆಂದಿಲ್ಲ. ಗುಲಾಬಿ ವಿಭಾಗವನ್ನೇ ನೋಡಲೆಂದು ಒಮ್ಮೆ ಬಹುದೂರ ಹೋಗಿದ್ದ ನನಗೆ ಅಲ್ಲಿ ಕಂಡದ್ದು ಆಗಷ್ಟೇ ಸವರಿದ ಮುಳ್ಳುಕಡ್ಡಿಗಳ ಸಾಲು. ಈಗ ಯಾವುದು ಅರಳಿದೆ ಎಂಬುದನ್ನು ಹಲವು ಉದ್ಯಾನಗಳು ತಮ್ಮ ಜಾಲತಾಣದಲ್ಲಿ ತಿಳಿಸುತ್ತವೆ. ಇಲ್ಲವಾದರೆ ದೂರವಾಣಿಯಲ್ಲಿ ಕೇಳಿ. ಸುಮಾತ್ರದ ಟೈಟನ್ ಏರಮ್‌ನಂಥ ದೈತ್ಯ ಹೂಗೊಂಚಲು ಅರಳಿದ ಮೇಲೆ ಎರಡು ಮೂರು ದಿನಗಳಲ್ಲೇ ಬಾಡುವುದರಿಂದ, ಅದನ್ನು ನೋಡುವ ಆಸೆಯಿರುವವರು ಸುದ್ದಿ ಬಂದ ಕೂಡಲೇ ಹೊರಡಬೇಕಾಗುತ್ತದೆ.

ಎರಡನೆಯದು, ಹೊತ್ತು. ತಾವರೆಯನ್ನು ನೋಡಲು ಬೆಳಗ್ಗೆಯೇ ಸರಿ, ಮಧ್ಯಾಹ್ನದ ಹೊತ್ತಿಗೆ ದಳಗಳು ಮುಚ್ಚಿಕೊಳ್ಳತೊಡಗುತ್ತವೆ. ಪರಾತದಂಥ ಎಲೆಯ ಅಮೆಜಾನ್ ನೈದಿಲೆ ಇದಕ್ಕೆ ತದ್ವಿರುದ್ಧ: ಅದರ ಹೂವು ಮೊದಲ ಸಂಜೆ ಬಿಳಿಯಾಗಿ, ಘಮಘಮಿಸುತ್ತ ಅರಳಿ, ಒಳಬಂದ ದುಂಬಿಗಳನ್ನು ರಾತ್ರಿಯಿಡೀ ಸೆರೆಹಿಡಿದುಕೊಂಡು, ಮರುದಿನ ಸಂಜೆ ಗುಲಾಬಿ ಬಣ್ಣಕ್ಕೆ ತಿರುಗಿ ಅವನ್ನು ಬಿಟ್ಟುಕೊಡುತ್ತದೆ.

ಬಳಿಕ ನಕ್ಷೆಯನ್ನು ತೆರೆದು ಎರಡು ಅಥವಾ ಮೂರು ವಿಭಾಗಗಳನ್ನಷ್ಟೇ ಗುರುತು ಮಾಡಿಕೊಳ್ಳಿ. ಗಾಜಿನ ಮನೆಗಳು ಕೆಲವೆಡೆ ಉದ್ಯಾನದ ದ್ವಾರಕ್ಕಿಂತ ಮೊದಲೇ ಮುಚ್ಚುತ್ತವೆ, ದುರಸ್ತಿಗೆಂದು ತಿಂಗಳುಗಟ್ಟಲೆ ಬಾಗಿಲು ಹಾಕಿರುವುದೂ ಉಂಟು. ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ಹೊರಗಿನ ತಂಪಿನಿಂದ ಬಿಸಿ ತೇವದ ಗಾಜಿನ ಮನೆಗೆ ಕಾಲಿಟ್ಟೊಡನೆ ಕ್ಯಾಮೆರಾದ ಲೆನ್ಸಿನ ಮೇಲೂ ಕನ್ನಡಕದ ಮೇಲೂ ಹಬೆ ಕೂರುತ್ತದೆ. ಒರೆಸಿ ಪ್ರಯೋಜನವಿಲ್ಲ, ಗಾಜು ಬೆಚ್ಚಗಾಗುವವರೆಗೆ ಕೆಲವು ನಿಮಿಷ ಕಾಯಬೇಕು. ಒಂದೇ ಮರಕ್ಕೆ ಅರ್ಧ ಗಂಟೆ ಮೀಸಲಿಟ್ಟರೂ ತಪ್ಪಿಲ್ಲ. ಹೌರಾದ ಮಹಾ ಆಲದ ಮರದ ಮೂಲ ಕಾಂಡಕ್ಕೆ ಶಿಲೀಂಧ್ರ ತಗುಲಿ ಅದನ್ನು 1925ರಲ್ಲಿ ತೆಗೆದುಹಾಕಿದ ಮೇಲೆ, ಮರ ಪೂರ್ತಿಯಾಗಿ ಬಿಳಲುಗಳ ಮೇಲೆಯೇ ನಿಂತಿದೆ. ನಡುವೆ ಕಾಂಡವಿಲ್ಲ ಎಂಬುದು ಸುತ್ತಲೂ ನಡೆದಾಗಲೇ ಮನವರಿಕೆಯಾಗುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ ನಾಮಫಲಕವನ್ನು ಓದಲು ಕಲಿಯುವುದು. ಸಸ್ಯೋದ್ಯಾನವನ್ನು ಸಾಮಾನ್ಯ ತೋಟದಿಂದ ಬೇರೆ ಮಾಡುವುದೇ ಈ ಫಲಕ ಮತ್ತು ಅದರ ಹಿಂದಿರುವ ದಾಖಲೆ. ಓರೆ ಅಕ್ಷರಗಳಲ್ಲಿರುವ ಎರಡು ಪದಗಳು ಸಸ್ಯದ ವೈಜ್ಞಾನಿಕ ಹೆಸರು. ‘ಏಸೀ’ ಎಂದು ಮುಗಿಯುವ ಪದ ಅದರ ಕುಟುಂಬ. ಅದರ ಜೊತೆಗೆ ಮೂಲ ನೆಲೆಯ ಹೆಸರೂ ಇರುವುದುಂಟು. ಮೂಲೆಯಲ್ಲಿ ಸಣ್ಣದಾಗಿ 1998-0412 ಎಂಬಂಥ ಸಂಖ್ಯೆಯಿದ್ದರೆ, ಬಹುತೇಕ ಕಡೆ ಅದರರ್ಥ ಆ ಗಿಡ 1998ರಲ್ಲಿ ಉದ್ಯಾನದ ದಾಖಲೆಗೆ ಸೇರಿತು ಎಂದು. ಆಳೆತ್ತರದ ಎರಡು ಮರಗಳ ಸಂಖ್ಯೆಗಳನ್ನು ಹೋಲಿಸಿ ನೋಡಿ: ಯಾವುದು ಬೇಗ ಬೆಳೆಯುವ ಜಾತಿ ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ.

ಇನ್ನು ಹೊರಡುವ ದಿನದ ಸಂಗತಿ. ಕುಡಿಯುವ ನೀರು, ಟೋಪಿ, ಹಳೆಯದಾಗಿ ಕಾಲಿಗೆ ಒಗ್ಗಿದ ಬೂಟು ಇದ್ದರೆ ಸಾಕು. ಬೂಟಿನ ತಳಕ್ಕೆ ಮೆತ್ತಿದ ಮಣ್ಣನ್ನು ಮನೆಯಲ್ಲೇ ಉಜ್ಜಿ ತೊಳೆಯಿರಿ, ಬೇರುಕೊಳೆ ತರುವ ರೋಗಾಣುಗಳು ಆ ಮಣ್ಣಿನಲ್ಲೇ ಪಯಣಿಸುತ್ತವೆ. ಉದುರಿದ ಬೀಜವೆಂದು ಜೇಬಿಗಿಳಿಸುವುದು ಸಲ್ಲದು. ಗಿಡದ ಚಿತ್ರ ತೆಗೆದ ಮರುಕ್ಷಣವೇ ಅದರ ಫಲಕದ ಚಿತ್ರವನ್ನೂ ತೆಗೆದುಕೊಳ್ಳಿ, ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಮುನ್ನೂರು ಹಸಿರು ಚಿತ್ರಗಳ ಮುಂದೆ ಹೆಸರು ಹುಡುಕುತ್ತ ಕೂರಬೇಕಾಗುತ್ತದೆ.